ಆರನೇ ಕಡವು

ನಿಶಿಜಿನ್, ಕ್ಯೋಟೊ
1983 ಮೇ 9

ತೆಪ್ಪೇಗೆ,

ನೀನು ಹೋದ ಮೇಲೆ ನಿನ್ನ ಕುಂಚಗಳನ್ನು ತೊಳೆದಿಟ್ಟವನು ನಾನು. ಹನ್ನೊಂದು ವರ್ಷ ಒಂದೇ ಹಲಗೆಯ ಎದುರುಬದುರು ಕೂತು, ನೇಯುವವರಿಗಾಗಿ ಚೌಕುಳಿ ಕಾಗದದಲ್ಲಿ ಬಣ್ಣ ತುಂಬಿದವರು ನಾವು. ಹೊರಡುವ ದಿನ ಕುಂಚ ತೊಳೆಯುವಷ್ಟೂ ಪುರಸೊತ್ತು ಸಿಗಲಿಲ್ಲವೇ ನಿನಗೆ?

ಯಜಮಾನರು ಮೂರು ದಿನ ನಿನ್ನ ಹೆಸರೆತ್ತಲಿಲ್ಲ. ನಾಲ್ಕನೇ ದಿನ ಚಹಾ ಕುಡಿಯುತ್ತಾ, "ಅವನು ಎಲ್ಲಿಗೆ ಹೋದ ಅಂದೆ?" ಅಂದರು.

"ಟೋಕಿಯೊಗೆ. ಟೀವಿ ಆಟ ಮಾಡೋ ಕಂಪನಿಗಂತೆ."

"ಆಟಾನಾ? ಮೂವತ್ತು ವರ್ಷದ ಕತ್ತೆಗೆ ಆಟಾನಾ?"

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ನೀನು ಅರ್ಧಕ್ಕೆ ಬಿಟ್ಟ ಕೊಕ್ಕರೆಯ ಕಾಗದವನ್ನು ನನ್ನ ಕಡೆ ತಳ್ಳಿ, "ಇದಕ್ಕೆ ಇನ್ನೊಂದು ಕಾಲು ಬೇಕಲ್ಲ" ಅಂದರು. ಆ ಕಾಲನ್ನು ನಾನೇ ಮುಗಿಸಿದೆ. ನಿನ್ನದಕ್ಕಿಂತ ಸ್ವಲ್ಪ ದಪ್ಪವಾಯಿತು. ಮದುಮಗಳ ನಡುಪಟ್ಟಿಯದು, ಹಿಂದಿನ ಗಂಟಿನಲ್ಲಿ ಮುಚ್ಚಿಹೋಗುತ್ತದೆ, ಯಾರೂ ನೋಡುವುದಿಲ್ಲ.

ನಿನ್ನ ಅತ್ತಿಗೆ ಒಂದೇ ಸಮ ಪೀಡಿಸುತ್ತಿದ್ದಾಳೆ: "ಅಲ್ಲಿ ಊಟಕ್ಕೇನು ಮಾಡ್ತಾನೆ ಕೇಳ್ರೀ." ಕೇಳಿದ್ದೇನೆ. ಉತ್ತರ ಬರೆ.

ಸೋಕಿಚಿ


ಟೋಕಿಯೊ
1983 ಆಗಸ್ಟ್ 20

ಸೋಕಿಚಿ ಅಣ್ಣನಿಗೆ,

ಬಯ್ಯುವುದಿದ್ದರೆ ಇನ್ನೂ ಬಯ್ಯಿರಿ. ಎದುರಿಗೆ ನಿಂತು ಹೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ, ನಾನು ಉಳಿದುಬಿಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಊಟದ ವಿಷಯ ಅತ್ತಿಗೆಗೆ ಹೇಳಿ: ಇಲ್ಲಿಯ ಉದೊನ್ ಶಾವಿಗೆಯ ಸಾರು ಕಪ್ಪಗೆ ಶಾಯಿಯ ಹಾಗಿದೆ. ಬಟ್ಟಲಿನ ತಳ ಕಾಣಿಸುವುದಿಲ್ಲ. ಕಣ್ಣು ಮುಚ್ಚಿಕೊಂಡು ಕುಡಿಯುತ್ತೇನೆ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮುಖ್ಯಸ್ಥರು, "ಕಂಪ್ಯೂಟರ್ ಬರುತ್ತೇನ್ರಿ?" ಅಂದರು. "ಬರಲ್ಲ. ಚೌಕ ಎಣಿಸೋಕೆ ಬರುತ್ತೆ" ಅಂದೆ. ಹದಿನಾರು ಚೌಕ ಅಗಲ, ಹದಿನಾರು ಚೌಕ ಎತ್ತರ, ಮೂರೇ ಬಣ್ಣ. ಅಷ್ಟರಲ್ಲಿ ಓಡುವ ಮನುಷ್ಯನನ್ನು ಬರೆಯಬೇಕು. ಕಾಲೇಜು ಓದಿದ ಹುಡುಗರು ಬೆವರುತ್ತಿದ್ದರು. ನಾನು ಊಟದ ಹೊತ್ತಿಗೆ ನಾಲ್ಕು ಜನರನ್ನು ಓಡಿಸಿದ್ದೆ. ಮುಖ್ಯಸ್ಥರು ಕಾಗದವನ್ನು ಬೆಳಕಿಗೆ ಹಿಡಿದು, "ಎಲ್ಲಿ ಕಲಿತಿರಿ?" ಅಂತ ಕೇಳಿದರು. ನಿಶಿಜಿನ್ ನೇಕಾರರ ಓಣಿಯಲ್ಲಿ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ ಅಣ್ಣಾ. ನೀರು. ಎಂಟು ಚೌಕದ ಒಂದು ತುಂಡನ್ನೇ ತೆರೆಯ ತುಂಬ ಜೋಡಿಸಬೇಕು. ಹೇಗೆ ಬರೆದರೂ ಚಾಪೆ ಅಲ್ಲಾಡಿಸಿದ ಹಾಗೆ ಕಾಣುತ್ತದೆ. ನಿಮ್ಮ ಅಲೆಗಳು ನಿಂತಲ್ಲೇ ಹರಿಯುತ್ತವಲ್ಲ, ಅದು ಹೇಗೆ?

ತೆಪ್ಪೇ


ನಿಶಿಜಿನ್
1984 ಫೆಬ್ರವರಿ 3

ತೆಪ್ಪೇಗೆ,

ಉತ್ತರ ತಡವಾಯಿತು. ಯಜಮಾನರು ಕಳೆದ ತಿಂಗಳು ತೀರಿಕೊಂಡರು. ನಿನಗೆ ತಂತಿ ಕೊಡೋಣವೆಂದರೆ ಅವರ ಮಗ ಬೇಡವೆಂದ. ಈಗ ಹಲಗೆಯ ಮುಂದೆ ನಾನೊಬ್ಬನೇ. ಓಣಿಯಲ್ಲಿ ಮಗ್ಗಗಳ ಸದ್ದೂ ಕಡಿಮೆಯಾಗಿದೆ.

ನೀರಿನ ವಿಷಯ. ನೀನು ನೀರನ್ನು ಅಲ್ಲಾಡಿಸುತ್ತಿದ್ದೀಯ. ತಪ್ಪಿರುವುದು ಅಲ್ಲೇ. ಅಲೆಯ ಗೆರೆಯನ್ನು ಮುಟ್ಟಬೇಡ, ಅದು ಇದ್ದಲ್ಲೇ ಇರಲಿ. ಅದರ ಮೇಲಿನ ಬೆಳಕನ್ನು ಮಾತ್ರ ಒಂದೊಂದು ಚೌಕ ಎಡಕ್ಕೆ ಸರಿಸು. ಎಂಟನೆಯ ಸಲ ಬೆಳಕನ್ನು ಹಾಕಲೇಬೇಡ, ಖಾಲಿ ಬಿಡು. ಬಿಟ್ಟದ್ದನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಇದನ್ನು ಕಂಡುಕೊಳ್ಳಲು ನನಗೆ ಒಂಬತ್ತು ವರ್ಷ ಹಿಡಿಯಿತು, ಯಜಮಾನರಿಗೂ ಹೇಳಿಕೊಟ್ಟಿರಲಿಲ್ಲ.

ಜೊತೆಗೆ ಒಂದು ಕಾಗದ ಇಟ್ಟಿದ್ದೇನೆ. ಐದು ತಿಂಗಳು ಕೂತು ಬರೆದ ಅಲೆ. ನೇಯಿಸುವವರು ಸಿಗಲಿಲ್ಲ. ಬಳಸಿಕೋ.

ಸೋಕಿಚಿ


ಟೋಕಿಯೊ
1986 ಡಿಸೆಂಬರ್ 11

ಸೋಕಿಚಿ ಅಣ್ಣನಿಗೆ,

ಆಟ ಅಂಗಡಿಗೆ ಬಂತು! ಹೆಸರು 'ಏಳು ಕಡವು'. ದೋಣಿ ನಡೆಸುವ ಹುಡುಗಿಯೊಬ್ಬಳು ಏಳು ಕಡವುಗಳಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸಬೇಕು, ಅಷ್ಟೇ ಕಥೆ. ಆಟದ ಕ್ರಮ, ಚಿತ್ರ ಎರಡೂ ನನ್ನವೇ. ಮೊದಲ ವಾರದಲ್ಲೇ ಅಂಗಡಿಗಳಲ್ಲಿ ಖಾಲಿಯಾಯಿತಂತೆ. ಎಲ್ಲರೂ ನೀರಿನ ಬಗ್ಗೆಯೇ ಮಾತಾಡುತ್ತಿದ್ದಾರೆ. "ಟೀವಿಯೊಳಗೆ ಕೈ ಹಾಕಿದ್ರೆ ಒದ್ದೆಯಾಗುತ್ತೇನೋ ಅನ್ಸುತ್ತೆ" ಅಂತ ಒಬ್ಬರು ಬರೆದಿದ್ದಾರೆ.

ಕೊನೆಯಲ್ಲಿ ಹೆಸರುಗಳು ಬರುತ್ತವೆ, ಆದರೆ ನಿಜವಾದ ಹೆಸರು ಹಾಕಲು ಕಂಪನಿ ಬಿಡುವುದಿಲ್ಲ. ಬೇರೆ ಕಂಪನಿಯವರು ಕರೆದುಕೊಂಡು ಹೋಗುತ್ತಾರೆಂಬ ಭಯ. ನಾನು ಅಲ್ಲಿ 'ಕೊಕ್ಕರೆ'. ನೋಡಿದರೆ ನಗು ಬರುತ್ತದೆ.

ಅತ್ತಿಗೆಗೊಂದು ಪೆಟ್ಟಿಗೆ ಕಳಿಸಿದ್ದೇನೆ, ಆಟ, ಯಂತ್ರ ಎರಡೂ ಇವೆ.

ತೆಪ್ಪೇ


ನಿಶಿಜಿನ್
1987 ಫೆಬ್ರವರಿ 16

ತೆಪ್ಪೇಗೆ,

ಪೆಟ್ಟಿಗೆ ತಲುಪಿತು. ನಿನ್ನ ಅತ್ತಿಗೆ ಫುಸಾಯೆ ಅಡುಗೆ ಸೀದರೂ ಏಳುವುದಿಲ್ಲ. ದೋಣಿ ಮುಳುಗಿದಾಗಲೆಲ್ಲ "ಅಯ್ಯೋ, ಆ ಅಜ್ಜಿ ಹೋದಳಲ್ಲ!" ಅಂತ ಒಳಗಿನಿಂದ ಕೂಗುತ್ತಾಳೆ. ಮೊದಲ ಸಲ ನಿಜವಾಗಿ ಯಾರೋ ಸತ್ತರೆಂದು ಕುಂಚ ಬಿಸಾಡಿ ಓಡಿದ್ದೆ.

ನೀರನ್ನು ನಾನೂ ನೋಡಿದೆ. ಚೆನ್ನಾಗಿ ಬಂದಿದೆ.

ಫುಸಾಯೆ ಪುಸ್ತಕದಂಗಡಿಯಿಂದ ಆಟಗಳ ಪತ್ರಿಕೆಯೊಂದನ್ನು ತಂದಿದ್ದಳು. ಅದರಲ್ಲಿ ನಿನ್ನ ಮಾತುಕತೆ ಇತ್ತು. ಫೋಟೋದಲ್ಲಿ ಬೆನ್ನು ಮಾತ್ರ ಇದ್ದರೂ ಕಿವಿ ನೋಡಿ ಗುರುತು ಹಿಡಿದಳು. ನೀರಿನ ಉಪಾಯ ಹೇಗೆ ಹೊಳೆಯಿತು ಅಂತ ಕೇಳಿದ್ದಕ್ಕೆ, ಒಂದು ಸಂಜೆ ಬೀದಿಯ ಸ್ನಾನದ ಮನೆಯ ತೊಟ್ಟಿಯಲ್ಲಿ ಕೂತಿದ್ದಾಗ ತಾನಾಗಿಯೇ ಹೊಳೆಯಿತು ಅಂದಿದ್ದೀಯ.

ಒಳ್ಳೆಯ ಸ್ನಾನದ ಮನೆ ಇರಬೇಕು. ಯಾವುದದು?

ಸೋಕಿಚಿ


ಟೋಕಿಯೊ
1987 ಮಾರ್ಚ್ 2

ಸೋಕಿಚಿ ಅಣ್ಣನಿಗೆ,

ನಿಮ್ಮ ಪತ್ರ ನೋಡಿ ಖುಷಿಯಾಯಿತು. ಆ ಸ್ನಾನದ ಮನೆ ನನ್ನ ಕೋಣೆಯ ಹಿಂದಿನ ಓಣಿಯಲ್ಲೇ ಇದೆ, ಹೆಸರು 'ಪೈನ್ ಮರದ ನೀರು'. ಗೋಡೆಯ ಮೇಲೆ ಫುಜಿ ಬೆಟ್ಟದ ಚಿತ್ರ ಇದೆ, ನೀರು ತುಂಬ ಬಿಸಿ. ನೀವು ಟೋಕಿಯೊಗೆ ಬಂದರೆ ಖಂಡಿತ ಕರೆದುಕೊಂಡು ಹೋಗುತ್ತೇನೆ.

ಕೆಲಸ ತುಂಬ ಇದೆ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ತೆಪ್ಪೇ


ಟೋಕಿಯೊ
1993 ಅಕ್ಟೋಬರ್ 5

ಸೋಕಿಚಿ ಅಣ್ಣನಿಗೆ,

ಆರು ವರ್ಷಗಳಿಂದ ನಿಮ್ಮಿಂದ ಹೊಸ ವರ್ಷದ ಕಾರ್ಡು ಬಿಟ್ಟರೆ ಬೇರೇನೂ ಇಲ್ಲ. ಅದರಲ್ಲೂ ಅಚ್ಚಾದ ಸಾಲು ಮಾತ್ರ. ಕೆಲಸದ ಒತ್ತಡ ಇರಬೇಕು.

ನಾನೀಗ ನಲವತ್ತು ಜನರ ತಂಡಕ್ಕೆ ನಿರ್ದೇಶಕ. ಮೂರು ಆಟಗಳು ಬಂದವು, ಮೂರೂ ಓಡಿದವು. ಆದರೆ ನಾನು ಕುಂಚ ಹಿಡಿದು ಎಷ್ಟೋ ಕಾಲವಾಯಿತು. ಬೆಳಗಿನಿಂದ ಸಂಜೆಯವರೆಗೆ ಮೀಟಿಂಗ್. ಹುಡುಗರಿಗೆ ವೇಗ ಇದೆ, ಕಣ್ಣಿಲ್ಲ. ಮೊನ್ನೆ ಒಬ್ಬನ ಚಿತ್ರ ನೋಡಿ, "ಇದು ನದಿಯಾ, ಹರಿದ ಚಾದರಾನಾ?" ಅಂತ ಎಲ್ಲರೆದುರು ಕೇಳಿಬಿಟ್ಟೆ. ಮರುದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ.

ಅಣ್ಣಾ, ನೀವು ಬನ್ನಿ. ಮುಖ್ಯಸ್ಥರ ಹತ್ತಿರ ಮಾತಾಡಿದ್ದೇನೆ. ಹುಡುಗರಿಗೆ ಚೌಕ ಕಲಿಸುವ ಕೆಲಸ, ಕಂಪನಿಯದೇ ಮನೆ. ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ.

ತೆಪ್ಪೇ


ನಿಶಿಜಿನ್
1993 ನವೆಂಬರ್ 21

ತೆಪ್ಪೇಗೆ,

ಬೇಡ ಅಂತ ಎರಡು ಸಲ ಬರೆದು ಹರಿದೆ.

ನನಗೀಗ ಐವತ್ತೆರಡು. ಯಜಮಾನರ ಮಗ ಮಗ್ಗಗಳನ್ನು ಒಡೆಸಿ ಆ ಜಾಗದಲ್ಲಿ ಕಾರು ನಿಲ್ಲಿಸಲು ಬಾಡಿಗೆಗೆ ಕೊಟ್ಟಿದ್ದಾನೆ. ಓಣಿಯಲ್ಲಿ ನೇಯ್ಗೆಯ ಕಾಗದ ಬರೆಯುವವರು ಮೂವರು ಉಳಿದಿದ್ದೇವೆ. ಉಳಿದ ಇಬ್ಬರಿಗೂ ಸಾಲುವಷ್ಟು ಕೆಲಸವಿಲ್ಲ.

ಫುಸಾಯೆಗೆ ಹೇಳಿದೆ. "ಈ ವಯಸ್ಸಲ್ಲಿ ಟೋಕಿಯೋನಾ? ಆ ಕಪ್ಪು ಸಾರು ಕುಡಿಯೋಕಾ?" ಅಂದಳು. ಬಟ್ಟಲು ತೊಳೆದಿಟ್ಟು ಬಂದು, "ನೀವು ಕಲಿಸ್ತೀರಾ ಹುಡುಗರಿಗೆ? ಕೂಗಾಡಬಾರದು ಮತ್ತೆ" ಅಂದಳು. ಅಲ್ಲಿಗೆ ತೀರ್ಮಾನವಾಯಿತು.

ಬರುತ್ತೇನೆ. ಕೈಯಲ್ಲಿದ್ದ ಕೆಲಸವನ್ನು ಆ ಇಬ್ಬರಿಗೆ ಹಂಚುತ್ತೇನೆ. ಮಾರ್ಚ್ ಹೊತ್ತಿಗೆ ಕೈ ಖಾಲಿಯಾಗುತ್ತದೆ. ಯಾವ ದಿನ ಬರಬೇಕೋ ತಿಳಿಸು.

ಸೋಕಿಚಿ


ಟೋಕಿಯೊ
1994 ಫೆಬ್ರವರಿ 27

ಸೋಕಿಚಿ ಅಣ್ಣನಿಗೆ,

ಇಲ್ಲಿ ಸ್ವಲ್ಪ ಗೊಂದಲ ನಡೆದಿದೆ. ಈ ವರ್ಷ ಹೊಸ ಯಂತ್ರಗಳು ಬರುತ್ತಿವೆ. ಕಂಪನಿ ಎಲ್ಲವನ್ನೂ ಮತ್ತೆ ಯೋಚಿಸುತ್ತಿದೆ. ಬೇಸಿಗೆಯವರೆಗೆ ತಡೆಯಬಹುದೇ? ಮಾತು ಮಾತೇ. ಚಿಂತೆ ಬೇಡ.

ತೆಪ್ಪೇ


ನಿಶಿಜಿನ್
1994 ಜುಲೈ 8

ತೆಪ್ಪೇಗೆ,

ಬೇಸಿಗೆ ಬಂತು. ಸಾಮಾನು ಕಟ್ಟಿಯಾಗಿದೆ. ದಿನಾ ಊಟಕ್ಕೆ ಬೇಕಾದ ಬಟ್ಟಲನ್ನು ಗಂಟಿನಿಂದ ಬಿಚ್ಚಿ, ತೊಳೆದು ಮತ್ತೆ ಕಟ್ಟುತ್ತಾಳೆ ಫುಸಾಯೆ. ನಿನಗೆ ಅವಸರ ಮಾಡುತ್ತಿಲ್ಲ.

ಸೋಕಿಚಿ


ಟೋಕಿಯೊ
1994 ಡಿಸೆಂಬರ್ 19

ಸೋಕಿಚಿ ಅಣ್ಣನಿಗೆ,

ಚೌಕದ ಕೆಲಸ ನಿಂತಿತು. ಇನ್ನು ಎಲ್ಲ ಚಿತ್ರಗಳನ್ನೂ ಯಂತ್ರದೊಳಗೆ ಬೊಂಬೆಯ ಹಾಗೆ ಸುತ್ತಲೂ ಕಟ್ಟಬೇಕಂತೆ, ಎಲ್ಲಿಂದ ಬೇಕಾದರೂ ತಿರುಗಿಸಿ ನೋಡುವ ಹಾಗೆ. ಕಾಗದವೇ ಬೇಡ. ನಿಮ್ಮ ವಿಷಯ ಎತ್ತಿದಾಗ ಮುಖ್ಯಸ್ಥರು, "ಕುದುರೆ ಗಾಡಿ ಹೊಡೆಯೋನನ್ನ ತಂದು ರೈಲಿನಲ್ಲಿ ಕೂರಿಸ್ತೀಯೇನಯ್ಯ?" ಅಂದರು. ಉಳಿದವರು ನಕ್ಕರು.

ಇನ್ನೊಂದು ದಾರಿ ಹುಡುಕುತ್ತೇನೆ. ದಯವಿಟ್ಟು ಬರೆಯಿರಿ. ಬಯ್ದಾದರೂ ಬರೆಯಿರಿ.

ತೆಪ್ಪೇ


ಟೋಕಿಯೊ
2002 ಜೂನ್ 14

ಸೋಕಿಚಿ ಅಣ್ಣನಿಗೆ,

ಏಳೂವರೆ ವರ್ಷವಾಯಿತು. ಹೊಸ ವರ್ಷದ ಕಾರ್ಡೂ ನಿಂತು ಬಹಳ ಕಾಲವಾಯಿತು. ಈ ವಿಳಾಸದಲ್ಲಿ ನೀವಿದ್ದೀರೋ ಇಲ್ಲವೋ ತಿಳಿಯದೆ ಬರೆಯುತ್ತಿದ್ದೇನೆ.

ನನ್ನ ಕಥೆಯನ್ನು ಬೇಗ ಮುಗಿಸುತ್ತೇನೆ. 1996ರಲ್ಲಿ ಹೊಸ ಯಂತ್ರಕ್ಕೆ ದೊಡ್ಡದೊಂದು ಸಮುದ್ರದ ಆಟ ಶುರುಮಾಡಿದೆ. ಅರವತ್ತು ಜನ, ಎರಡು ವರ್ಷ. ನೀರು ಪ್ಲಾಸ್ಟಿಕ್ ಹಾಳೆಯ ಹಾಗೆ ಬಂತು. ಎಲ್ಲಿ ತಪ್ಪಿದೆ ಅಂತ ನನಗೆ ಕಾಣುತ್ತಿತ್ತು, ಸರಿಪಡಿಸುವುದು ಹೇಗೆಂದು ಹೇಳಲು ಬರುತ್ತಿರಲಿಲ್ಲ. ಆಟ ಬಿದ್ದುಹೋಯಿತು. ತಂಡವನ್ನು ಒಡೆದರು. ನಾಲ್ಕು ವರ್ಷದಿಂದ ನೆಲಮಾಳಿಗೆಯಲ್ಲಿ ಕೂತು ಬೇರೆಯವರ ಆಟಗಳಿಗೆ ವಿವರಣೆ ಪುಸ್ತಕ ಬರೆಯುತ್ತಿದ್ದೇನೆ. 'ಬಲಗಡೆಯ ಗುಂಡಿ ಒತ್ತಿದರೆ ಹಾರುತ್ತದೆ.' ಅಂಥದ್ದು. ಊಟದ ಕೋಣೆಯಲ್ಲಿ ನನ್ನ ಮೇಜಿಗೆ ಯಾರೂ ಬರುವುದಿಲ್ಲ. ನಾನು ಎಲ್ಲರೆದುರು ಗದರಿಸಿದವರೇ ಈಗ ಅಲ್ಲಿ ಮುಖ್ಯಸ್ಥರು.

ಈಗ ಬರೆಯುತ್ತಿರುವ ಕಾರಣ: ಕಂಪನಿ 'ಏಳು ಕಡವು' ಆಟವನ್ನು ಕೈಯಲ್ಲಿ ಹಿಡಿದು ಆಡುವ ಸಣ್ಣ ಯಂತ್ರಕ್ಕೆ ಮತ್ತೆ ತರುತ್ತಿದೆ. ಈ ಸಲ ನಿಜವಾದ ಹೆಸರು ಹಾಕಬಹುದಂತೆ. 'ನೀರು: ಹತಾನಕ ಸೋಕಿಚಿ' ಅಂತ ಹಾಕಿಸಲು ನಿಮ್ಮ ಒಪ್ಪಿಗೆ ಬೇಕು.

ಸ್ನಾನದ ಮನೆಯ ಮಾತು ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಬಾಯಿಂದಲೇ ಬಂತು. ಪತ್ರಿಕೆಯವರು ಕೇಳಿದರು, ಮುಂದೆ ಟೇಪು ತಿರುಗುತ್ತಿತ್ತು, ನಿಮ್ಮ ಹೆಸರು ಬಾಯಿಯ ತನಕ ಬಂತು. ಹೇಳಿದರೆ ನನ್ನದೆಂಬುದು ಏನು ಉಳಿಯುತ್ತದೆ ಅನ್ನಿಸಿತು. ಆಮೇಲೆ ನೀವು ಯಾವ ಸ್ನಾನದ ಮನೆ ಅಂತ ಕೇಳಿದಿರಿ. ಅದು ಪ್ರಶ್ನೆಯಲ್ಲ ಅಂತ ನನಗೆ ಗೊತ್ತಿತ್ತು ಅಣ್ಣಾ. ಕ್ಯೋಟೊದ ಸುತ್ತುಮಾತಿನಲ್ಲೇ ಹುಟ್ಟಿ ಬೆಳೆದವನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗದವನ ಹಾಗೆ ನಟಿಸಿ ಹೆಸರು, ಓಣಿ, ಗೋಡೆಯ ಚಿತ್ರ ಎಲ್ಲ ಬರೆದೆ. ಹದಿನೈದು ವರ್ಷದಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತರುವುದು ಆ ಪತ್ರ. ಮೊದಲಿನ ಸುಳ್ಳಿಗಿಂತಲೂ ಅದೇ.

ತೆಪ್ಪೇ


ಕ್ಯೋಟೊ
2002 ಜುಲೈ 30

ತೆಪ್ಪೇಗೆ,

ಪತ್ರ ಅಂಚೆಯವನ ದಯೆಯಿಂದ ಹೊಸ ಮನೆಗೆ ಬಂತು. ನಾನು ಈಗ ನಿಲ್ದಾಣದ ಹತ್ತಿರ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕಾವಲಿದ್ದೇನೆ, 1995ರಿಂದ. ಹ್ಯಾಂಡಲಿಗೆ ನಂಬರಿನ ಚೀಟಿ ಸಿಕ್ಕಿಸುವುದು, ಬಿದ್ದ ಸೈಕಲ್ ಎತ್ತಿ ನಿಲ್ಲಿಸುವುದು.

ಈ ಊರಿನ ರೀತಿಯಲ್ಲಿ ಸುತ್ತಿ ಬಳಸಿ ಬರೆದು ನನಗೆ ಸಾಕಾಗಿದೆ. ನೇರವಾಗಿ ಬರೆಯುತ್ತೇನೆ.

ಹೆಸರು ಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ನನಗೆ ಆ ಹೆಸರು ಬೇಕಾಗಿದ್ದದ್ದು 1987ರಲ್ಲಿ, ಅದೂ ಪತ್ರಿಕೆಯಲ್ಲಲ್ಲ. "ಅಣ್ಣಾ, ತಪ್ಪಾಯಿತು" ಅಂತ ನೀನು ಒಂದು ಸಾಲು ಬರೆದಿದ್ದರೆ, "ಹೋಗಲಿ ಬಿಡೋ" ಅಂತ ಬರೆಯಲು ನಾನು ಕಾದಿದ್ದೆ. ಸ್ನಾನದ ಮನೆಯ ವಿಳಾಸ ಬಂತು. ನೀನು ನಟಿಸುತ್ತಿದ್ದೀಯ ಅಂತ ನನಗೂ ಅವತ್ತೇ ಗೊತ್ತಿತ್ತು.

ಟೋಕಿಯೊಗೆ ಕರೆದು ಕೈಬಿಟ್ಟೆಯಲ್ಲ, ಅದರ ಬಗ್ಗೆ ನಿನ್ನ ಮೇಲೆ ನನಗೆ ದೂರಿಲ್ಲ. ಹಂಚಿದ ಕೆಲಸವನ್ನು ಆ ಇಬ್ಬರಿಂದ ವಾಪಸ್ ಕೇಳಲು ನನಗೆ ಬಾಯಿ ಬರಲಿಲ್ಲ. ಅದು ನನ್ನ ಜಂಬ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಫುಸಾಯೆ ಇಲ್ಲ. 1999ರ ನವೆಂಬರಿನಲ್ಲಿ ಹೋದಳು, ಹೊಟ್ಟೆಯ ಕಾಯಿಲೆ. ಸಾವಿನ ಸುದ್ದಿಯ ಕಾರ್ಡನ್ನು ಎಲ್ಲರಿಗೂ ಹಾಕಿದೆ, ನಿನಗೆ ಬೇಕೆಂದೇ ಹಾಕಲಿಲ್ಲ.

ಅವಳು ನಿನ್ನ ಆಟವನ್ನು ಬಿಡಲೇ ಇಲ್ಲ. ಹನ್ನೆರಡು ವರ್ಷ ಆಡಿದಳು. ಐದು ಕಡವು ದಾಟುತ್ತಿದ್ದಳು, ಆರನೆಯದರಲ್ಲಿ ಪ್ರತಿ ಸಲ ಮುಳುಗುತ್ತಿದ್ದಳು. "ತೆಪ್ಪೇಗೆ ಒಂದು ಕಾರ್ಡು ಹಾಕಿ ಕೇಳ್ರೀ, ಹೇಗೆ ದಾಟೋದು ಅಂತ" ಅನ್ನುತ್ತಿದ್ದಳು. "ಅವನಿಗೆ ಪುರಸೊತ್ತಿಲ್ಲ" ಅನ್ನುತ್ತಿದ್ದೆ. ಆಸ್ಪತ್ರೆಗೆ ಸೇರಿದ ಮೇಲೂ ಕೇಳಿದಳು. "ನಿಮ್ಮಿಬ್ಬರ ಜಗಳ ನಿಮಗಿರಲಿ. ನನಗೇನು ಆ ಹುಡುಗನ ಮೇಲೆ ಸಿಟ್ಟಿಲ್ಲ. ನಾನೇ ಬರೀತೀನಿ, ವಿಳಾಸ ಕೊಡಿ" ಅಂದಳು. ನಾನೇ ಕಾರ್ಡು ಹಾಕಿದ್ದೇನೆ ಅಂದೆ. ಹಾಕಿರಲಿಲ್ಲ. ದಿನಾ, "ಬಂತಾ ಉತ್ತರ?" ಅಂತ ಕೇಳುತ್ತಿದ್ದಳು. ಇಲ್ಲ ಅಂದರೆ, "ಪಾಪ, ಕೆಲಸ ಜಾಸ್ತಿ ಅವನಿಗೆ" ಅಂತ ನಿನ್ನ ಪರವಾಗಿಯೇ ಮಾತಾಡುತ್ತಿದ್ದಳು. ಹತ್ತೊಂಬತ್ತು ದಿನ ಹೀಗೆ ನಡೆಯಿತು.

ಇದನ್ನು ನಾನು ಯಾರಿಗೂ ಹೇಳಿಲ್ಲ.

ಸೋಕಿಚಿ


ಟೋಕಿಯೊ
2002 ಆಗಸ್ಟ್ 9

ಸೋಕಿಚಿ ಅಣ್ಣನಿಗೆ,

ಹೆಸರು ಹಾಕಿಸುವುದಿಲ್ಲ. ನೀರಿನ ಮುಂದೆ ನನ್ನ ಹೆಸರು ಬರೆದಿದ್ದರು, ಅದನ್ನೂ ತೆಗೆಸಿದೆ. ಕಳೆದ ಶುಕ್ರವಾರ ರಾಜೀನಾಮೆ ಕೊಟ್ಟೆ. ತಡೆಯುವವರು ಯಾರೂ ಇರಲಿಲ್ಲ, "ಹಾಗಾ?" ಅಂದು ಮೇಜಿನ ಬೀಗದ ಕೈ ಇಸಿದುಕೊಂಡರು.

ಅತ್ತಿಗೆಯ ಸುದ್ದಿ ಓದಿದೆ. ನಾಲ್ಕು ದಿನದಿಂದ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ. ಅವರು ಕೇಳಿದ್ದಕ್ಕೆ ಉತ್ತರ ಮಾತ್ರ ಬರೆಯಬಲ್ಲೆ.

ಆರನೇ ಕಡವು ಕಷ್ಟವಾದದ್ದಲ್ಲ ಅಣ್ಣಾ, ಅದು ತಪ್ಪಾದದ್ದು. ಸೆಳೆತದ ಲೆಕ್ಕವನ್ನು ನಾನು ಎರಡರಷ್ಟು ಬರೆದುಕೊಟ್ಟಿದ್ದೆ. ಗೊತ್ತಾಗುವ ಹೊತ್ತಿಗೆ ಆಟ ಕಾರ್ಖಾನೆಗೆ ಹೋಗಿತ್ತು. ದಾಟಲಾಗುತ್ತಿಲ್ಲ ಅಂತ ಮಕ್ಕಳಿಂದ ಪತ್ರಗಳು ಬಂದವು. ಮುಖ್ಯಸ್ಥರು, "ಇರಲಿ ಬಿಡಿ, ಕಷ್ಟ ಇದ್ರೇನೇ ಬೆಲೆ" ಅಂದರು. ನಾನೂ ಸುಮ್ಮನಾದೆ. ಪತ್ರಿಕೆಗಳಲ್ಲಿ ಅದನ್ನೇ ಹೊಗಳಿ ಬರೆದರು. ಆ ಹೊಗಳಿಕೆಯನ್ನೂ ತೆಗೆದುಕೊಂಡೆ.

ಅಲ್ಲಿ ಹುಟ್ಟು ಹಾಕಿದರೆ ದೋಣಿ ಮುಳುಗುತ್ತದೆ. ಎಷ್ಟು ಜೋರಾಗಿ ಹಾಕಿದರೆ ಅಷ್ಟು ಬೇಗ. ದಡ ಬಿಟ್ಟ ಕೂಡಲೇ ಎರಡೂ ಕೈ ತೆಗೆದುಬಿಡಬೇಕು. ಯಾವ ಗುಂಡಿಯನ್ನೂ ಮುಟ್ಟಬಾರದು. ದೋಣಿ ಕೆಳಕ್ಕೆ ಹೋಗುತ್ತದೆ, ಬಂಡೆಗೆ ತಾಗುತ್ತದೆ, ಮುಗಿಯಿತು ಅನ್ನಿಸುತ್ತದೆ. ಆಗಲೂ ಮುಟ್ಟಬಾರದು. ಮೆಲ್ಲಗೆ ನಲವತ್ತು ಎಣಿಸಿದರೆ ತಾನೇ ಆಚೆ ದಡ ಸೇರುತ್ತದೆ.

ಅಷ್ಟೇ. ಒಂದು ಕಾರ್ಡಿನಲ್ಲಿ ಹಿಡಿಯುವಷ್ಟು.

ತೆಪ್ಪೇ